ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ

(ಜುಲೈ ತಿಂಗಳ ಒಂದು ಭಾನುವಾರ ಸಂಜೆ ಕಾರವಾರದಲ್ಲಿ ಓದುಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದಿದ್ದೇನೆ. ಆಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ. ಬೈತಖೋಲದಿಂದ ನಡೆದೇ ಬಂದವರೂ ಇದ್ದಾರೆ. ಬಾಗಿಲ ಹತ್ತಿರ ಕೂತವರು ಸ್ವಲ್ಪ ಒಳಗೆ ಸರಿದುಕೊಳ್ಳಿ, ಇಲ್ಲದಿದ್ದರೆ ಎರಚಲು ಬಡಿಯುತ್ತದೆ.

ನಮ್ಮ ಇಗರ್ಜಿಯ ಹಿಂಬದಿ ಕೋಣೆಯಲ್ಲಿ ಎರಡು ಕಪಾಟು ಪುಸ್ತಕ ಇವೆ ಅಂತ ನಿಮಗೆ ಗೊತ್ತು. ನಾನು ಶಾಲೆಯಿಂದ ನಿವೃತ್ತಳಾದ ಮೇಲೆ ಆ ಕಪಾಟಿನ ಬೀಗದ ಕೈ ನನ್ನ ಹತ್ತಿರ ಬಂತು. ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ತೆರೆಯುತ್ತೇನೆ. ಯಾರು ಬೇಕಾದರೂ ಬರಬಹುದು, ಕ್ರೈಸ್ತರೇ ಆಗಬೇಕು ಅಂತಿಲ್ಲ. ಯಾರು ಯಾವ ಪುಸ್ತಕ ಒಯ್ದರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ. ಆ ನೋಟ್‌ಬುಕ್ ತಿರುವಿದರೆ ಹೆಚ್ಚು ಓಡಾಡುವುದು ಮೂರೇ ಬಗೆಯ ಪುಸ್ತಕ. ಕಾಲೇಜಿನ ಮಕ್ಕಳು, ಕೆಲಸ ಹುಡುಕುತ್ತಿರುವವರು ವ್ಯಕ್ತಿತ್ವ ವಿಕಸನದ ಪುಸ್ತಕ ಕೇಳುತ್ತಾರೆ. ವಯಸ್ಸಾದವರು ಭಕ್ತಿ ಪುಸ್ತಕ ಕೇಳುತ್ತಾರೆ. ಪತ್ತೇದಾರಿ ಕಾದಂಬರಿಯನ್ನು ಎಲ್ಲರೂ ಕೇಳುತ್ತಾರೆ, ಆದರೆ ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ.

ಹೋದ ತಿಂಗಳು ನಮ್ಮ ಹಿರಿಯರೊಬ್ಬರು ಕಪಾಟಿನ ಮುಂದೆ ನಿಂತು ಕೇಳಿದರು. "ಅಕ್ಕೋರೇ, ದೇವರ ಮನೆಯಲ್ಲಿ ಈ ಕೊಲೆ ಪುಸ್ತಕಗಳು ಯಾಕೆ?" ಅವರು ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದರು. ಆಗ ನಾನು ಕೊಟ್ಟ ಉತ್ತರ ಸಾಲದು ಅಂತ ನನಗೇ ಅನಿಸಿತು. ಇವತ್ತು ಅವರೂ ಇಲ್ಲಿದ್ದಾರೆ. ಹಾಗಾಗಿ ಇದು ಅವರಿಗೆ ಕೊಡುವ ಉತ್ತರ ಅಂತಲೇ ತಿಳಿಯಿರಿ.

ಮೊದಲು ಒಂದು ಕಥೆ. 1521ರಲ್ಲಿ ಸ್ಪೇನ್ ದೇಶದ ಪಾಂಪ್ಲೋನಾ ಕೋಟೆಯಲ್ಲಿ ಒಬ್ಬ ಯೋಧನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಮೂವತ್ತರ ಆಸುಪಾಸಿನ ವಯಸ್ಸು. ಹೆಸರು ಇಗ್ನೇಷಿಯಸ್, ಊರು ಲೊಯೋಲ. ಮೂಳೆ ಪುಡಿಯಾಗಿತ್ತು. ಮನೆಗೆ ಹೊತ್ತು ತಂದರು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಹೋಗಬೇಕಲ್ಲ, ಓದಲು ಪುಸ್ತಕ ಕೇಳಿದರು. ಅವರಿಗೆ ಬೇಕಾಗಿದ್ದು ವೀರರ ಸಾಹಸ, ಪ್ರೇಮ, ಯುದ್ಧದ ಕಥೆಗಳು. ಆ ಕಾಲದ ಸಸ್ಪೆನ್ಸ್ ಅದೇ. ಮನೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಇದ್ದದ್ದು ಯೇಸುವಿನ ಜೀವನದ ಒಂದು ಪುಸ್ತಕ, ಸಂತರ ಜೀವನದ ಇನ್ನೊಂದು ಪುಸ್ತಕ. ಬೇರೆ ದಾರಿಯಿಲ್ಲದೆ ಅದನ್ನೇ ಓದಿದರು.

ಓದುವುದು ನಿಲ್ಲಿಸಿದಾಗ ಮನಸ್ಸು ಸುಮ್ನೆ ಕೂರುತ್ತಿರಲಿಲ್ಲ. ಕೆಲವು ಸಲ ಹಳೆಯ ಸಾಹಸದ ಕನಸು ಕಾಣುತ್ತಿದ್ದರು. ದೊಡ್ಡ ಮನೆತನದ ಒಬ್ಬ ಹೆಣ್ಣುಮಗಳ ಮೆಚ್ಚುಗೆಗಾಗಿ ಏನೇನು ಮಾಡಬಹುದು ಅಂತ ಗಂಟೆಗಟ್ಟಲೆ ಯೋಚನೆ. ಇನ್ನು ಕೆಲವು ಸಲ, ಅಸ್ಸಿಸಿಯ ಸಂತ ಫ್ರಾನ್ಸಿಸರು ಮಾಡಿದ್ದನ್ನು ನಾನೂ ಮಾಡಿದರೆ ಹೇಗೆ ಅಂತ ಯೋಚನೆ. ಎರಡೂ ಯೋಚಿಸುವಾಗ ಸಿಹಿಯಾಗಿಯೇ ಇದ್ದವು. ಆದರೆ ಮುಗಿದ ಮೇಲೆ? ಮೊದಲನೆಯದು ಮನಸ್ಸನ್ನು ಒಣಗಿಸಿ, ಬೇಸರ ಉಳಿಸಿ ಹೋಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಅವರಿಗೆ ತಟ್ಟನೆ ಹೊಳೆಯಲಿಲ್ಲ. ಒಂದು ದಿನ ಕಣ್ಣು ತೆರೆಯಿತು. ಅಲ್ಲಿಂದಲೇ ಅವರ ಇಡೀ ಬದುಕು ತಿರುಗಿತು. ಮುಂದೆ ಜೆಸುಯಿಟ್ ಗುರುಗಳ ಸಭೆ ಕಟ್ಟಿದ ಸಂತರು ಅವರೇ.

ಇದು ನಮಗೆ ದೂರದ ಕಥೆಯಲ್ಲ. ಅವರ ಜೊತೆಗಾರರೇ ಸಂತ ಫ್ರಾನ್ಸಿಸ್ ಜೇವಿಯರ್. 1542ರಲ್ಲಿ ಗೋವೆಗೆ ಬಂದಿಳಿದವರು. ಡಿಸೆಂಬರ್ 3ಕ್ಕೆ ನಾವೆಲ್ಲ ಚಂದಾವರದ ಇಗರ್ಜಿಗೆ ಹೋಗುವುದು ಅವರ ಹಬ್ಬಕ್ಕೇ ಅಲ್ವಾ? ಇನ್ನು ಇಗ್ನೇಷಿಯಸರ ಹಬ್ಬ ಜುಲೈ 31. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಮುಗಿಯುವುದೂ ಅದೇ ದಿನ. ಬಂದರಿನಲ್ಲಿ ಬಲೆ ಸರಿಮಾಡಿ, ಐಸ್ ತುಂಬಿ, ದೋಣಿ ತಯಾರು ಮಾಡುವ ಗಡಿಬಿಡಿಯ ನಡುವೆ ಆ ಹಬ್ಬ ಬರುತ್ತದೆ.

ನಮ್ಮ ಅಜ್ಜಿ ಬೇರೆ ಮಾತಲ್ಲಿ ಇದನ್ನೇ ಹೇಳುತ್ತಿದ್ದರು. ಬೆಟ್ಟದ ನೆಲ್ಲಿಕಾಯಿ ತಿನ್ನುವಾಗ ಹುಳಿ, ಒಗರು. ಮುಖ ಕಿವುಚುತ್ತೇವೆ. ಆಮೇಲೆ ಒಂದು ಲೋಟ ನೀರು ಕುಡಿದರೆ ಗಂಟಲೆಲ್ಲ ಸಿಹಿ. ಚಾಕಲೇಟ್ ಹಾಗಲ್ಲ. ತಿನ್ನುವಾಗ ಸಿಹಿ, ಆಮೇಲೆ ಬಾಯಿ ಅಂಟು. ಪುಸ್ತಕವನ್ನೂ ಹೀಗೇ ನೋಡಬೇಕು ಅಂತ ನನಗೆ ಅನಿಸುತ್ತದೆ. ಓದುವಾಗ ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ. ಓದಿ ಎರಡು ದಿನವಾದ ಮೇಲೆ ಏನು ಉಳಿಯಿತು? ನಾನು ಪುಸ್ತಕ ವಾಪಸ್ ತಗೊಳ್ಳುವಾಗ ಅದನ್ನೇ ಕೇಳುತ್ತೇನೆ.

ಹಾಗೆ ಕೇಳಿದಾಗ ಒಮ್ಮೆ ಸಿಕ್ಕ ಉತ್ತರ ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ಹರಿಕಂತ್ರ ಅಣ್ಣ ಮೂವತ್ತು ವರ್ಷ ಸಮುದ್ರಕ್ಕೆ ಹೋದವರು. ಒಂದು ಮಳೆಗಾಲ ಮನೆಯಲ್ಲಿ ಕೂತು ಬೇಜಾರಾಗಿ ಪುಸ್ತಕ ಕೇಳಿದರು. ನಾನು ಒಂದು ವ್ಯಕ್ತಿತ್ವ ವಿಕಸನದ ಪುಸ್ತಕ ಕೊಟ್ಟೆ. ಗೆಲ್ಲುವ ಮನಸ್ಸಿದ್ದರೆ ಗೆಲುವು ಖಂಡಿತ, ಸೋಲುವವರು ಸೋಲನ್ನು ತಾವೇ ಆರಿಸಿಕೊಂಡವರು, ಹೀಗೆಲ್ಲ ಅದರಲ್ಲಿತ್ತು. ಒಂದು ವಾರ ಬಿಟ್ಟು ತಂದುಕೊಟ್ಟರು. ಅವರು ಹೇಳಿದ್ದು ಇಷ್ಟೇ. "ಪುಸ್ತಕ ಚಲೋ ಇದೆ ಅಕ್ಕೋರೇ. ಆದರೆ ಇದನ್ನು ಬರೆದವರು ಒಂದು ದಿನವೂ ಬಲೆ ಹಾಕಿದವರಲ್ಲ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ರಂಪಣಿ ಬಲೆ ಎಳೆಯುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ದಡದಲ್ಲಿ ಹತ್ತಾರು ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದರು. ಇಡೀ ಊರಿಗೆ ಊರೇ ಸೇರಿದ ಹಾಗೆ. ಎಲ್ಲರೂ ಒಂದೇ ಸಮ ದುಡಿದರೂ ಒಂದು ದಿನ ಬಂಗುಡೆ ರಾಶಿ, ಇನ್ನೊಂದು ದಿನ ಬರೀ ಕಸ. ದುಡಿಮೆಗೆ ತಕ್ಕ ಫಲ ಖಂಡಿತ ಅನ್ನುವ ಮಾತು ಆಫೀಸಿನ ಕುರ್ಚಿಯಲ್ಲಿ ಕೂತವರಿಗೆ ಸರಿಯಿರಬಹುದು. ಸಮುದ್ರದ ಮೇಲೆ ಅದು ನಡೆಯುವುದಿಲ್ಲ. ಗದ್ದೆಯಲ್ಲೂ ನಡೆಯುವುದಿಲ್ಲ, ಘಟ್ಟದ ಮೇಲಿನ ಅಡಿಕೆ ತೋಟದವರನ್ನು ಕೇಳಿ ನೋಡಿ, ಕೊಳೆರೋಗ ಬಂದ ವರ್ಷ ಅವರ ಮನಸ್ಸಿನಲ್ಲಿ ಗೆಲ್ಲುವ ಛಲ ಇರಲಿಲ್ಲವೇ?

ನಮ್ಮ ಶುಭಸಂದೇಶಕ್ಕೆ ಇದು ಗೊತ್ತು. ಲೂಕನ ಐದನೇ ಅಧ್ಯಾಯದಲ್ಲಿ ಪೇತ್ರ ಹೇಳುತ್ತಾನಲ್ಲ, ರಾತ್ರಿಯೆಲ್ಲ ಕಷ್ಟಪಟ್ಟೆವು, ಏನೂ ಸಿಗಲಿಲ್ಲ ಅಂತ. ಅವನಿಗೆ ಛಲ ಸಾಲದು ಅಂತ ಯೇಸುಸ್ವಾಮಿ ಬೈಯಲಿಲ್ಲ. ಅವನು ಯೋಚಿಸುವ ರೀತಿ ಸರಿಯಿಲ್ಲ ಅಂತ ಪಾಠ ಮಾಡಲೂ ಇಲ್ಲ. ಅವನ ದೋಣಿಯಲ್ಲೇ ಬಂದು ಕೂತರು. ಮುಂದಿನ ವಾರ ಆ ಪುಟವನ್ನೇ ಹರಿಕಂತ್ರ ಅಣ್ಣನಿಗೆ ಓದಿ ಹೇಳಿದೆ. "ಹಾಂ, ಇವರು ಬಲೆ ಹಾಕಲು ಹೋದವರು," ಅಂದರು.

ಹಾಗಂತ ಸ್ಫೂರ್ತಿ ಕೊಡುವ ಪುಸ್ತಕ ಎಲ್ಲವೂ ಪೊಳ್ಳು ಅಂತ ನಾನು ಹೇಳುತ್ತಿಲ್ಲ. ಈ ಬಗೆಯ ಬರಹದ ಬೇರು ಒಳ್ಳೆಯ ಜಾಗದಲ್ಲೇ ಇದೆ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಕೂಲಿ ಕೆಲಸದ ಹುಡುಗರು ಸಂಜೆ ಹೊತ್ತು ಸೇರಿ ಒಬ್ಬರಿಗೊಬ್ಬರು ಓದು ಬರಹ ಕಲಿಸಿಕೊಳ್ಳುತ್ತಿದ್ದರು. ಅವರಿಗೆ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬವರು ಕೆಲವು ಮಾತು ಹೇಳಿದರು. ಆ ಮಾತುಗಳೇ ಬೆಳೆದು 1859ರಲ್ಲಿ ಪುಸ್ತಕವಾಯಿತು. ನಮ್ಮ ಇವತ್ತಿನ ಕೂಟದ ಹಾಗೇ ಅದು. ಅಲ್ಲಿ ಹೇಳಿದ್ದು ತಾಳ್ಮೆ, ದುಡಿಮೆ, ಕಲಿಕೆ. ಮುಂದೆ ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದಲ್ಲಿ ಮಾತು ಬದಲಾಯಿತು. ದುಡಿಮೆಯ ಜಾಗಕ್ಕೆ ಯೋಚನೆ ಬಂತು. ಹೀಗೆ ಯೋಚಿಸು, ಹಾಗೆ ಆಗುತ್ತದೆ. 1952ರಲ್ಲಿ ಈ ಧಾಟಿಯ ತುಂಬ ಹೆಸರಾದ ಪುಸ್ತಕ ಬರೆದವರು ನ್ಯೂಯಾರ್ಕಿನ ಒಬ್ಬ ಪಾದ್ರಿ, ನಾರ್ಮನ್ ವಿನ್ಸೆಂಟ್ ಪೀಲ್. ಅವರ ಕಾಲದಿಂದ ಬೈಬಲ್ಲಿನ ಸಾಲುಗಳೂ ಈ ಕೆಲಸಕ್ಕೆ ಜಾಸ್ತಿ ಬಳಕೆಯಾದವು.

ನನಗೆ ನೋವಾಗುವುದು ಇಲ್ಲೇ. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರ್ ನೋಡಿ. ನನ್ನನ್ನು ಬಲಪಡಿಸುವಾತನ ಮೂಲಕ ಎಲ್ಲವನ್ನೂ ಮಾಡಬಲ್ಲೆ ಎಂಬ ಪೌಲರ ಮಾತು ಇರುತ್ತದೆ, ಪಕ್ಕದಲ್ಲಿ ಬೆಟ್ಟ ಹತ್ತುವ ಹುಡುಗನ ಚಿತ್ರ. ಪರೀಕ್ಷೆ ಬರೆಯುವ ಮಕ್ಕಳಿಗೆ ಅದನ್ನೇ ಹೇಳಿ ಕಳಿಸುತ್ತೇವೆ. ಆದರೆ ಪೌಲರು ಅದನ್ನು ಬರೆದದ್ದು ಸೆರೆಮನೆಯಿಂದ. ಅದರ ಹಿಂದಿನ ಸಾಲು ಓದಿದ್ದೀರಾ? ಹೊಟ್ಟೆ ತುಂಬಿದಾಗಲೂ, ಹಸಿದಾಗಲೂ, ಇದ್ದಾಗಲೂ, ಇಲ್ಲದಾಗಲೂ ಬದುಕುವುದನ್ನು ಕಲಿತಿದ್ದೇನೆ ಅನ್ನುತ್ತಾರೆ. ಅಂದರೆ ಗೆಲ್ಲಬಲ್ಲೆ ಅಂತಲ್ಲ, ಸೋತರೂ ತಡೆದುಕೊಳ್ಳಬಲ್ಲೆ ಅಂತ. ಹಾಗೇ ಯೆರೆಮೀಯನ ಇಪ್ಪತ್ತೊಂಬತ್ತನೇ ಅಧ್ಯಾಯದ ಸಾಲು, ನಿಮಗೆ ಒಳ್ಳೆಯ ಭವಿಷ್ಯ ಕೊಡುವ ಯೋಜನೆ ನನ್ನಲ್ಲಿದೆ ಅನ್ನುವುದು. ಹೊಸ ಮನೆ, ಹೊಸ ಅಂಗಡಿ ಎಲ್ಲೆಲ್ಲೂ ಅದನ್ನು ಹಾಕುತ್ತೇವೆ. ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಪತ್ರ. ಅದರ ಹಿಂದಿನ ಸಾಲಿನಲ್ಲಿ 70 ವರ್ಷ ಕಾಯಬೇಕು ಅಂತಿದೆ. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಆ ದಿನ ಕಾಣುವ ಹಾಗೇ ಇರಲಿಲ್ಲ. ಹಿಂದಿನ ಸಾಲನ್ನು ಕತ್ತರಿಸಿ ಮುಂದಿನ ಸಾಲನ್ನು ಮಾತ್ರ ಕೊಟ್ಟರೆ ನೆಲ್ಲಿಕಾಯಿಯ ಹುಳಿ ತೆಗೆದು ಸಕ್ಕರೆ ಪಾಕ ಕೊಟ್ಟ ಹಾಗೆ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾದ ಅಂಗಡಿ, ಲಾರಿಗಳು, ಜನ, ಎಲ್ಲ ಗಂಗಾವಳಿ ನದಿಯ ಪಾಲು. ಒಂದು ಲಾರಿ ಮತ್ತು ಅದರ ಚಾಲಕ ಸಿಗಲು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ಆ ದಿನಗಳಲ್ಲಿ ನಾನು ಕಪಾಟಿನ ಮುಂದೆ ನಿಂತು ನೋಡುತ್ತಿದ್ದೆ. ಇಷ್ಟು ಪುಸ್ತಕಗಳಲ್ಲಿ ಆ ಮನೆಗಳಿಗೆ ಒಯ್ದು ಕೊಡುವಂಥದ್ದು ಯಾವುದು ಅಂತ. ಗೆಲುವಿನ ಪುಸ್ತಕ ಒಂದೂ ಕೈಗೆ ತಗೊಳ್ಳಲು ಮನಸ್ಸಾಗಲಿಲ್ಲ. ಕೊನೆಗೆ ಕೀರ್ತನೆಗಳ ಪುಸ್ತಕ ತೆಗೆದೆ. 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಅಳುವಿನ ಹಾಡುಗಳೇ. ಎಲ್ಲಿಯವರೆಗೆ ಪ್ರಭೂ, ಎಲ್ಲಿಯವರೆಗೆ? ಎಂಬತ್ತೆಂಟನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಯಲ್ಲಿ ಇಲ್ಲ. ಅದನ್ನು ದೇವರ ಪುಸ್ತಕದಿಂದ ಯಾರೂ ತೆಗೆದು ಹಾಕಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ.

ಬೈಬಲ್ಲಿನಲ್ಲಿ ಆಸ್ತಿ, ಮಕ್ಕಳು ಎಲ್ಲ ಕಳೆದುಕೊಂಡ ಯೋಬ ಇದ್ದಾನಲ್ಲ, ಅವನ ಸ್ನೇಹಿತರ ಕಥೆಯೂ ಇದೇ. ಅವನ ದುಃಖ ನೋಡಿ ಅವರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರು. ಎಂಟನೇ ದಿನ ಬಾಯಿ ತೆರೆದು ಬುದ್ಧಿ ಹೇಳತೊಡಗಿದರು. ನೀನೇ ಎಲ್ಲೋ ತಪ್ಪಿದ್ದೀಯ, ಸರಿ ಮಾಡಿಕೋ, ಎಲ್ಲ ಸರಿಹೋಗುತ್ತದೆ ಅಂತ. ಕೊನೆಗೆ ದೇವರು ಸಿಟ್ಟಾದದ್ದು ಆ ಬುದ್ಧಿಮಾತಿನ ಮೇಲೆ. ಕೆಲವು ಪುಸ್ತಕಗಳನ್ನು ಓದುವಾಗ ನನಗೆ ಆ ಎಂಟನೇ ದಿನ ನೆನಪಾಗುತ್ತದೆ.

ಹುಳಿಯನ್ನೂ ಇಟ್ಟುಕೊಂಡು ಬಲ ಕೊಡುವ ಪುಸ್ತಕಗಳು ಇವೆ. ವಿಕ್ಟರ್ ಫ್ರಾಂಕ್ಲ್ ಎಂಬ ಯಹೂದಿ ವೈದ್ಯರು ಹಿಟ್ಲರನ ಸೆರೆ ಶಿಬಿರಗಳಿಂದ ಬದುಕಿ ಬಂದು 1946ರಲ್ಲಿ ಬರೆದ ಪುಸ್ತಕ ಅಂಥದ್ದು. ತಾಯಿ, ತಂದೆ, ಹೆಂಡತಿ ಎಲ್ಲರನ್ನೂ ಕಳೆದುಕೊಂಡವರು. ಅವರು ಹೇಳುವ ಭರವಸೆಗೆ ತೂಕವಿದೆ. ನಮ್ಮ ಕನ್ನಡದಲ್ಲಿ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ನಮ್ಮ ಕಪಾಟಿನಲ್ಲೂ ಇದೆ. ಹಾಳೆ ಬಿಟ್ಟುಹೋಗಿ ಎರಡು ಸಲ ಹೊಲಿಸಿದ್ದೇನೆ. ನಮ್ಮ ಹುಡುಗಿಯೊಬ್ಬಳು ಅದನ್ನು ಓದಿ, ಜಗಳವಾಡಿದ್ದ ತಂಗಿಗೆ ಫೋನ್ ಮಾಡಿದಳು. ಎರಡು ದಿನವಾದ ಮೇಲೆ ಉಳಿದದ್ದು ಅದು. ಬೇರೆ ಧರ್ಮದ ಸ್ವಾಮಿಗಳ ಪುಸ್ತಕ ಅಂತ ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಭಕ್ತಿ ಪುಸ್ತಕದ ಬಗ್ಗೆ ಹೇಳುವುದಾದರೆ ನಮ್ಮ ಕರಾವಳಿಗೆ ಸೇರಿದ ಒಂದು ದೊಡ್ಡ ಪುಸ್ತಕದಿಂದಲೇ ಶುರು ಮಾಡಬೇಕು. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸುಯಿಟ್ ಗುರುಗಳು 1579ರಲ್ಲಿ ಗೋವೆಗೆ ಬಂದರು. ಇಲ್ಲಿಯ ಮಾತು ಕಲಿತರು. ಸುಮ್ನೆ ಕಲಿಯಲಿಲ್ಲ, ಮನಸೋತು ಕಲಿತರು. ಯೇಸುವಿನ ಕಥೆಯನ್ನು ಓವಿ ಎಂಬ ಹಾಡುವ ಪದ್ಯಗಳಲ್ಲಿ, ಕೊಂಕಣಿ ಮಾತು ಬೆರೆತ ಮರಾಠಿಯಲ್ಲಿ ಬರೆದರು. ಹತ್ತು ಸಾವಿರಕ್ಕೂ ಹೆಚ್ಚು ಪದ್ಯ. 'ಕ್ರಿಸ್ತಪುರಾಣ' ಅಂತ ಹೆಸರು. 1616ರಲ್ಲಿ ಗೋವೆಯ ರಾಯತೂರಿನಲ್ಲಿ ಅಚ್ಚಾಯಿತು. ಹಳೆಯ ಪುರಾಣಗಳು ಕೈಬಿಟ್ಟುಹೋದ ಮೇಲೆ ನಮಗೆ ಕೇಳಲು ಅಂಥದ್ದೊಂದು ಬೇಕು ಎಂಬ ಕೋರಿಕೆ ಕಾವ್ಯದೊಳಗೇ ಬರುತ್ತದೆ. ನೋಡಿ, ಆ ಜನಕ್ಕೆ ಬೇಕಾಗಿದ್ದು ಪ್ರಶ್ನೋತ್ತರದ ಪಾಠ ಮಾತ್ರ ಅಲ್ಲ. ಕಥೆ ಬೇಕಿತ್ತು, ರಾಗ ಬೇಕಿತ್ತು, ಮುಂದೇನಾಯಿತು ಅಂತ ಕಾಯುವ ಸುಖ ಬೇಕಿತ್ತು. ಆ ಗುರುಗಳು ಅದನ್ನು ಕೀಳಾಗಿ ಕಾಣಲಿಲ್ಲ. ಈಸ್ಟರ್ ಹಬ್ಬದ ಮೊದಲಿನ ತಪಸ್ಸುಕಾಲದಲ್ಲಿ ಜನ ಸೇರಿ ಅದನ್ನು ಹಾಡುತ್ತಿದ್ದರು. ಆಗ ಅಚ್ಚಾದ ಪ್ರತಿಗಳು ಉಳಿಯಲಿಲ್ಲ. ಜನ ಕೈಬರಹದಲ್ಲಿ ನಕಲು ಮಾಡಿ ಉಳಿಸಿಕೊಂಡರು. ಅಂಥ ನಕಲುಗಳಿಂದಲೇ 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಅಚ್ಚಾಯಿತು. ಗೋವೆಯಿಂದ ಬಂದ ನಮ್ಮ ಹಿರಿಯರ ಕಿವಿಯಲ್ಲಿ ಆ ಓವಿಗಳು ಇದ್ದಿರಬಹುದು ಅಂತ ಯೋಚಿಸಿದರೆ ನನಗೆ ಮೈ ಜುಂ ಅನ್ನುತ್ತದೆ.

ಪ್ರೊಟೆಸ್ಟಂಟ್ ಕಡೆಯಲ್ಲೂ ಇಂಥ ಪ್ರೀತಿ ಇತ್ತು. ನಿಘಂಟಿನ ಕಿಟೆಲ್ ನಮಗೆಲ್ಲ ಗೊತ್ತು. ಅದೇ ಕಿಟೆಲ್ 1862ರಲ್ಲಿ ಕನ್ನಡದ ಛಂದಸ್ಸಿನಲ್ಲಿ ಯೇಸುವಿನ ಕಥೆಯನ್ನು 'ಕಥಾಮಾಲೆ'ಯಾಗಿ ಕಟ್ಟಿದರು.

ಇವನ್ನೆಲ್ಲ ನೆನೆಸಿಕೊಂಡು ಈಗಿನ ಕೆಲವು ಭಕ್ತಿ ಪುಸ್ತಕ ನೋಡಿದರೆ ಬೇಸರವಾಗುತ್ತದೆ. ಒಂಬತ್ತು ದಿನ ಇದನ್ನು ಹೇಳಿದರೆ ಕೆಲಸ ಸಿಗುತ್ತದೆ, ಇದನ್ನು ಇಷ್ಟು ಜನಕ್ಕೆ ಹಂಚದಿದ್ದರೆ ಕೆಡುಕಾಗುತ್ತದೆ, ಅಂತ ಬರೆದ ಚಿಕ್ಕ ಪುಸ್ತಕಗಳು ಯಾರೋ ತಂದು ಕಪಾಟಿನಲ್ಲಿಟ್ಟು ಹೋಗುತ್ತಾರೆ. ಅವನ್ನು ನಾನು ತೆಗೆದಿಡುತ್ತೇನೆ. ಹೆದರಿಸಿ ಪ್ರಾರ್ಥನೆ ಮಾಡಿಸುವುದು ಭಕ್ತಿಯಲ್ಲ. ನೊವೆನಾ ಅನ್ನುವ ಒಂಬತ್ತು ದಿನದ ಪ್ರಾರ್ಥನೆಯ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಹೇಳುತ್ತೇನೆ. ಆದರೆ ಅದು ದೇವರ ಜೊತೆಗಿನ ಮಾತು, ದೇವರಿಗೆ ಕೊಡುವ ಅರ್ಜಿಯಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಕೊಲೆ ಪುಸ್ತಕ ಯಾಕೆ?

ನಮ್ಮ ಅಮ್ಮ ಪತ್ತೇದಾರಿ ಕಾದಂಬರಿಯ ದೊಡ್ಡ ಓದುಗರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮ್ಮ ಮನೆಯ ನೆಂಟನ ಹಾಗಿದ್ದ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ತರುತ್ತಿದ್ದರು. ಟಿ.ಕೆ. ರಾಮರಾವ್ ಅಂದರೆ ಅಮ್ಮನಿಗೆ ಇನ್ನೂ ಇಷ್ಟ. 'ಬಂಗಾರದ ಮನುಷ್ಯ' ಬರೆದ ಅದೇ ಕೈ ರಹಸ್ಯ ಕಾದಂಬರಿಗಳನ್ನೂ ಬರೆದಿತ್ತಲ್ಲ. ಸಂಜೆ ಏಳಕ್ಕೆ ಜಪಸರ, ಎಂಟಕ್ಕೆ ಊಟ, ಆಮೇಲೆ ಪತ್ತೇದಾರಿ. ಅಮ್ಮನಿಗೆ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ. ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ, ಕೊಲೆ ಕಥೆ ಓದಿ ನಿದ್ದೆ ಹೇಗೆ ಬರುತ್ತದೆ ಅಂತ. "ಕೊನೆಗೆ ನಿಜ ಹೊರಗೆ ಬರುತ್ತದಲ್ಲ," ಅಂದರು.

ನಿಜ ಹೊರಗೆ ಬರುವ ಕಥೆ ನಮ್ಮ ಬೈಬಲ್ಲಿನಲ್ಲೇ ಇದೆ. ನಮ್ಮ ಕಥೋಲಿಕ ಬೈಬಲ್ಲಿನಲ್ಲಿ ದಾನಿಯೇಲನ ಗ್ರಂಥದ ಹದಿಮೂರು, ಹದಿನಾಲ್ಕನೇ ಅಧ್ಯಾಯ ತೆಗೆಯಿರಿ. ಪ್ರೊಟೆಸ್ಟಂಟ್ ಬೈಬಲ್ಲಿನಲ್ಲಿ ಈ ಭಾಗ ಸಾಮಾನ್ಯವಾಗಿ ಇರುವುದಿಲ್ಲ. ಹದಿನಾಲ್ಕನೆಯದರಲ್ಲಿ ಬೀಗ ಹಾಕಿದ ಕೋಣೆಯ ರಹಸ್ಯವಿದೆ. ಬಾಬಿಲೋನಿನ ಗುಡಿಯಲ್ಲಿ ದಿನವೂ ರಾಶಿ ಹಿಟ್ಟು, 40 ಕುರಿ, ದ್ರಾಕ್ಷಾರಸ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಖಾಲಿ. ದೇವರೇ ತಿಂದ ಅಂತ ಅರಸನ ನಂಬಿಕೆ. ದಾನಿಯೇಲ ಎಲ್ಲರೂ ಹೊರಗೆ ಹೋದ ಮೇಲೆ ನೆಲಕ್ಕೆಲ್ಲ ಬೂದಿ ಚೆಲ್ಲಿಸುತ್ತಾನೆ. ಬಾಗಿಲಿಗೆ ಅರಸನ ಮುದ್ರೆ. ಬೆಳಿಗ್ಗೆ ಮುದ್ರೆ ಹಾಗೇ ಇದೆ, ಊಟ ಮಾತ್ರ ಮಾಯ. ಅರಸ ಕೈಮುಗಿಯಲು ಮುಂದಾಗುತ್ತಾನೆ. ನೆಲ ನೋಡು ಅನ್ನುತ್ತಾನೆ ದಾನಿಯೇಲ. ಬೂದಿಯ ಮೇಲೆ ಗಂಡಸರ, ಹೆಂಗಸರ, ಮಕ್ಕಳ ಹೆಜ್ಜೆ ಗುರುತು! 70 ಪೂಜಾರಿಗಳು ಸಂಸಾರ ಸಮೇತ ಕಳ್ಳ ಬಾಗಿಲಿಂದ ಬಂದು ತಿಂದು ಹೋಗಿದ್ದರು. ಇದು ಬೇರೆಯವರ ಗುಡಿಯನ್ನು ಆಡಿಕೊಳ್ಳಲು ಇರುವ ಕಥೆ ಅಂತ ನಾನು ಓದುವುದಿಲ್ಲ. ದೇವರ ಹೆಸರಿನಲ್ಲಿ ಹೊಟ್ಟೆ ಹೊರೆಯುವವರು ಎಲ್ಲಿದ್ದರೂ, ನಮ್ಮ ಇಗರ್ಜಿಯಲ್ಲೇ ಇದ್ದರೂ, ನೆಲಕ್ಕೆ ಬೂದಿ ಚೆಲ್ಲಿ ನೋಡಬೇಕು.

ಹದಿಮೂರನೆಯದು ಸುಸನ್ನಳ ಕಥೆ. ಇದನ್ನು ನಾನು ಶಾಲೆಯಲ್ಲೂ ಹೇಳುತ್ತಿದ್ದೆ. ಇಬ್ಬರು ಹಿರಿಯ ನ್ಯಾಯಾಧಿಪತಿಗಳು ಅವಳ ಮೇಲೆ ಕಣ್ಣು ಹಾಕುತ್ತಾರೆ. ಅವಳು ಒಪ್ಪುವುದಿಲ್ಲ. ತೋಟದಲ್ಲಿ ಮರದಡಿ ಒಬ್ಬ ಯುವಕನ ಜೊತೆ ನೋಡಿದೆವು ಅಂತ ಇಬ್ಬರೂ ಸೇರಿ ಸುಳ್ಳು ಸಾಕ್ಷಿ ಹೇಳುತ್ತಾರೆ. ಜನ ನಂಬುತ್ತಾರೆ. ಯಾಕೆ? ಹೇಳಿದವರು ಹಿರಿಯರು, ನ್ಯಾಯಾಧಿಪತಿಗಳು. ಮರಣದಂಡನೆಗೆ ಒಯ್ಯುವಾಗ ಹುಡುಗ ದಾನಿಯೇಲ ಕೂಗಿ ನಿಲ್ಲಿಸುತ್ತಾನೆ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ. ಯಾವ ಮರ? ಒಬ್ಬ ಒಂದು ಮರದ ಹೆಸರು ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಅಷ್ಟೇ. ಒಂದು ಜೀವ ಉಳಿಯಿತು.

ಇಂಗ್ಲೆಂಡಿನ ಡೊರೊಥಿ ಸೇಯರ್ಸ್ ಎಂಬ ಪತ್ತೇದಾರಿ ಲೇಖಕಿ, ಯೇಸುವಿನ ಜೀವನದ ಮೇಲೆ ರೇಡಿಯೋ ನಾಟಕಗಳನ್ನೂ ಬರೆದವರು, 1928ರಲ್ಲಿ ಪತ್ತೇದಾರಿ ಕಥೆಗಳ ಸಂಕಲನ ಮಾಡಿದಾಗ ಈ ಎರಡು ಕಥೆಗಳನ್ನೂ ಸೇರಿಸಿದರು. ಅಂದರೆ ಹಿರಿಯರೇ, ಕೊಲೆ ಪುಸ್ತಕ ದೇವರ ಮನೆಗೆ ನಾನು ತಂದದ್ದಲ್ಲ. ಮೊದಲಿನಿಂದಲೂ ಅಲ್ಲೇ ಇತ್ತು.

ಸುಸನ್ನಳ ಕಥೆ ಓದಿದ ಹುಡುಗರಲ್ಲಿ ಏನು ಉಳಿಯಬೇಕು? ಹೆಣ್ಣಿನ ಮೇಲೆ ಯಾರಾದರೂ ಮಾತು ಹೊರಿಸಿದಾಗ, ಅಥವಾ ಮೊಬೈಲಿನಲ್ಲಿ ಯಾರದೋ ಬಗ್ಗೆ ಸುದ್ದಿ ಬಂದಾಗ, ಮುಂದಕ್ಕೆ ಕಳಿಸುವ ಮೊದಲು ಕೇಳಬೇಕು. ಯಾವ ಮರ?

ಇನ್ನೊಂದು ಕಥೆ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಅರಸ ದಾವೀದ ಊರೀಯನ ಹೆಂಡತಿಯನ್ನು ಕೆಡಿಸಿ, ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಕೊಲ್ಲಿಸಿದ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡ. ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಒಬ್ಬ ಬಡವ, ಅವನಿಗೆ ಒಂದೇ ಕುರಿಮರಿ. ಮಗಳ ಹಾಗೆ ಸಾಕಿದ್ದ. ಮಂದೆ ಮಂದೆ ಕುರಿಯಿದ್ದ ಸಾಹುಕಾರ ನೆಂಟನ ಊಟಕ್ಕೆ ಆ ಒಂದೇ ಮರಿಯನ್ನು ಕಿತ್ತುಕೊಂಡು ಕಡಿದ. ದಾವೀದ ಕೇಳುತ್ತ ಕೇಳುತ್ತ ಕೆಂಡವಾಗುತ್ತಾನೆ. ಅವನಿಗೆ ಸಾವೇ ಗತಿ ಅನ್ನುತ್ತಾನೆ. ಆಗ ನಾತಾನ ಹೇಳುವುದು ಒಂದೇ ಮಾತು. ನೀನೇ ಆ ಮನುಷ್ಯ.

ಪ್ರಪಂಚದ ಯಾವ ಪತ್ತೇದಾರಿ ಕಾದಂಬರಿಯ ಕೊನೆಯ ಪುಟವೂ ನನಗೆ ಇಷ್ಟು ಬಡಿದಿಲ್ಲ. ಕಥೆ ಕೇಳುತ್ತಿದ್ದವನೇ ಅಪರಾಧಿ. ದಾವೀದನಿಗೆ ನೇರ ಬುದ್ಧಿ ಹೇಳಿದ್ದರೆ ತಪ್ಪಿಸಿಕೊಳ್ಳುತ್ತಿದ್ದ. ಕಥೆ ಅವನನ್ನು ತಪ್ಪಿಸಿಕೊಳ್ಳಲು ಬಿಡಲಿಲ್ಲ.

ಜಿ.ಕೆ. ಚೆಸ್ಟರ್‌ಟನ್ 1910ರಲ್ಲಿ ಫಾದರ್ ಬ್ರೌನ್ ಎಂಬ ಪಾತ್ರ ಕಟ್ಟಿದರು. ಕುಳ್ಳಗೆ, ಛತ್ರಿ ಹಿಡಿದು ಓಡಾಡುವ ಸಾದಾ ಗುರುಗಳು. ಫಾದರ್ ಜಾನ್ ಓಕಾನರ್ ಎಂಬ ನಿಜವಾದ ಗುರುಗಳನ್ನು ನೋಡಿ ಹೊಳೆದ ಪಾತ್ರ ಅದು. 1922ರಲ್ಲಿ ಚೆಸ್ಟರ್‌ಟನ್ ಕಥೋಲಿಕರಾದಾಗ ಆ ಓಕಾನರ್ ಗುರುಗಳೇ ಅವರನ್ನು ಬರಮಾಡಿಕೊಂಡರು. ಫಾದರ್ ಬ್ರೌನ್‌ಗೆ ಕಳ್ಳರ, ಕೊಲೆಗಾರರ ಮನಸ್ಸು ಹೇಗೆ ಗೊತ್ತು? ಪಾಪನಿವೇದನೆ ಕೇಳಿ ಕೇಳಿ ಗೊತ್ತು. 1927ರ ಒಂದು ಕಥೆಯಲ್ಲಿ ತಮ್ಮ ಗುಟ್ಟು ಹೇಳುತ್ತಾರೆ. ನಾನೇ ಆ ಕೊಲೆ ಮಾಡುವುದಾದರೆ ಹೇಗೆ ಮಾಡುತ್ತಿದ್ದೆ, ಯಾವ ಸಿಟ್ಟಿನಿಂದ ಮಾಡುತ್ತಿದ್ದೆ ಅಂತ ಒಳಗೆ ಇಳಿದು ನೋಡುತ್ತೇನೆ, ಕೊಲೆಗಾರನ ಮನಸ್ಸೇ ನನ್ನದಾಗುವವರೆಗೆ, ಅಂತ. ಅದು ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮಾರು ಹೊತ್ತು ಕೂತಿದ್ದೆ. ಕೊಲೆಗಾರ ಬೇರೆ ಜಾತಿಯ ಪ್ರಾಣಿಯಲ್ಲ. ನನ್ನಲ್ಲಿರುವ ಸಿಟ್ಟೇ ಅವನಲ್ಲಿ ಬೆಳೆದಿದೆ. ಅದಕ್ಕೇ ಫಾದರ್ ಬ್ರೌನ್ ಕಳ್ಳನನ್ನು ಹಿಡಿದ ಮೇಲೂ ಕೈಬಿಡುವುದಿಲ್ಲ. ಫ್ಲಾಂಬೋ ಎಂಬ ದೊಡ್ಡ ಕಳ್ಳ ಅವರ ಮಾತಿನಿಂದ ತಿರುಗಿ, ಆಮೇಲೆ ಅವರ ಸ್ನೇಹಿತನಾಗುತ್ತಾನೆ.

ನಮ್ಮ ಜಿಲ್ಲೆಯ ಪುಸ್ತಕ ಹೇಳದಿದ್ದರೆ ತಪ್ಪಾಗುತ್ತದೆ. ಹನೇಹಳ್ಳಿಯ ಯಶವಂತ ಚಿತ್ತಾಲರ 'ಶಿಕಾರಿ', 1979ರದು. ಅಂಗಡಿಯವರು ಅದನ್ನು ಸಸ್ಪೆನ್ಸ್ ಸಾಲಿನಲ್ಲಿ ಇಡುವುದಿಲ್ಲ. ನಾನು ಇಟ್ಟಿದ್ದೇನೆ. ಮುಂಬಯಿಯ ಕಂಪನಿಯಲ್ಲಿ ದೊಡ್ಡ ಕೆಲಸದ ನಾಗಪ್ಪನನ್ನು ಒಂದು ದಿನ ಕೆಲಸದಿಂದ ದೂರ ಇಡುತ್ತಾರೆ. ಆರೋಪ ಏನು ಅಂತ ಅವನಿಗೇ ತಿಳಿಯದು. ಯಾರು ಹೂಡಿದ್ದಾರೆ, ಯಾಕೆ ಹೂಡಿದ್ದಾರೆ ಅಂತ ಹುಡುಕುತ್ತ ಹೋದ ಹಾಗೆ ಅವನು ತನ್ನನ್ನೇ ಹುಡುಕುತ್ತಾನೆ. ಓದುವಾಗ ಕಷ್ಟ ಅಂತ ಕೆಲವರು ಅರ್ಧಕ್ಕೆ ತಂದುಕೊಟ್ಟಿದ್ದಾರೆ. ನಾನು ಮತ್ತೆ ಅವರ ಚೀಲಕ್ಕೆ ಹಾಕಿ ಕಳಿಸಿದ್ದೇನೆ. ಇದು ಹುಳಿ ನೆಲ್ಲಿಕಾಯಿ, ನೀರು ಕುಡಿಯುವವರೆಗೆ ಕಾಯಬೇಕು.

ಎಲ್ಲ ಸಸ್ಪೆನ್ಸ್ ಕಾದಂಬರಿಯೂ ಹೀಗಿಲ್ಲ, ಒಪ್ಪುತ್ತೇನೆ. ಹೆಣ್ಣಿನ ಹೆಣವನ್ನು ಮೊದಲ ಪುಟದಲ್ಲಿ ಅಲಂಕಾರಕ್ಕೆ ಇಟ್ಟ ಹಾಗೆ ಇಡುವ ಪುಸ್ತಕಗಳಿವೆ. ಅವಳಿಗೆ ಹೆಸರಿಲ್ಲ, ಅಳುವ ತಾಯಿಯಿಲ್ಲ. ಮಾಟ ಮಂತ್ರದ ಹೆದರಿಕೆ ಬಿತ್ತುವವೂ ಇವೆ. ಅವನ್ನು ಓದಿದ ಮೇಲೆ ಉಳಿಯುವುದು ಪಕ್ಕದ ಮನೆಯವರ ಮೇಲೆ ಸಂಶಯ, ರಾತ್ರಿ ಎದ್ದು ಚಿಲಕ ನೋಡುವ ಭಯ. ಅವು ನಮ್ಮ ಕಪಾಟಿನಲ್ಲಿಲ್ಲ. ಕಪಾಟಿನಲ್ಲಿ ಇರುವುದೆಲ್ಲ ನಾನು ಓದಿಯೇ ಇಟ್ಟದ್ದು.

ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದೆ. ಹಿರಿಯರು ಎದ್ದು, ಆ ಫಾದರ್ ಬ್ರೌನ್ ಪುಸ್ತಕ ಈಗ ಕಪಾಟಿನಲ್ಲಿದೆಯಾ ಅಂತ ಕೇಳಿದರು. ಇದೆ ಅಂದೆ. ಆಮೇಲೆ ಬಾಗಿಲ ಹತ್ತಿರ ಕೂತಿದ್ದ ಹರಿಕಂತ್ರ ಅಣ್ಣನ ಹೆಂಡತಿ ಕೈ ಎತ್ತಿದರು. ಮೀನು ಮಾರಿ ಮೂರು ಮಕ್ಕಳನ್ನು ಓದಿಸಿದವರು. "ಅಕ್ಕೋರೇ, ಓದಲು ಬರದವರಿಗೆ ನಿಮ್ಮ ಕಪಾಟಿನಲ್ಲಿ ಏನಿದೆ?"

ನನ್ನ ಹತ್ತಿರ ತಯಾರಾದ ಉತ್ತರ ಇರಲಿಲ್ಲ. ಕ್ರಿಸ್ತಪುರಾಣದ ಬಗ್ಗೆ ಈಗಷ್ಟೇ ಅಷ್ಟು ಹೇಳಿದ್ದೆ. ಅದನ್ನು ಜನ ಕೂತು ಕೇಳುತ್ತಿದ್ದರು ಅಂತಲೂ ಹೇಳಿದ್ದೆ. ಆದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ, ನಾವು ಓದುತ್ತೇವೆ, ನೀವು ಕೇಳಿ, ಯಾವುದು ಬೇಕು ಹೇಳಿ. ಅವರು ಯೋಚಿಸಲೇ ಇಲ್ಲ. "ಆ ಮರದ ಕಥೆ ಅರ್ಧ ಹೇಳಿದಿರಿ. ಅದು ಪೂರ್ತಿ ಬೇಕು. ಆಮೇಲೆ ಪುರುಷೋತ್ತಮನದು."

ಬರುವ ಶನಿವಾರ ಸಂಜೆ ಐದಕ್ಕೆ ಶುರು ಮಾಡುತ್ತೇವೆ. ಮಳೆಯಿದ್ದರೂ ಇರುತ್ತದೆ. ಆಗಸ್ಟ್ ಒಂದಕ್ಕೆ ದೋಣಿಗಳು ಹೊರಟ ಮೇಲೆ ಗಂಡಸರಿಗೆ ಬಿಡುವು ಕಡಿಮೆ, ಆದ್ದರಿಂದ ಅಷ್ಟರೊಳಗೆ ಒಂದು ಕಾದಂಬರಿಯಾದರೂ ಮುಗಿಸಬೇಕು ಅಂತ ಆಸೆ. ಮೊದಲೇ ಓದಿದವರು ಬನ್ನಿ, ಕೊನೆಯ ಪುಟದ ಗುಟ್ಟು ಮಾತ್ರ ಹೇಳಬೇಡಿ.